ಮದುವೆಗೆ ಮುಂಚೆ ಒಂದು ಸೂಜಿ

ಅನುವಂಶ... ಅಲ್ಲ, ಆನುವಂಶಿಕ... ಹುಬ್ಬಳ್ಳಿ ಶಾಲೆಯಲ್ಲಿ ಕಲಿತ ಶಬ್ದ. ಅರ್ಧ ನಾಲಿಗೆಗೆ ಬರುತ್ತದೆ, ಅರ್ಧ ಬರುವುದಿಲ್ಲ. ತಂದೆತಾಯಿಯಿಂದ ಮಕ್ಕಳಿಗೆ ಇಳಿಯುವ ಕಾಯಿಲೆ ಅಂತ ಇಟ್ಟುಕೊಳ್ಳಿ. ಅದರ ಹೆಸರೆತ್ತಿದಲ್ಲೆಲ್ಲ ನನ್ನ ಸುತ್ತ ಏನಾದರೊಂದು ನಗೆಪಾಟಲು ಆಗಿಯೇ ತೀರುತ್ತದೆ.

ನಾವು ಯಹೂದಿಗಳು. ಅಪ್ಪ ರೈಲ್ವೆಯಲ್ಲಿದ್ದರು, ನಾನು ಹುಟ್ಟಿದ್ದು ಹುಬ್ಬಳ್ಳಿಯಲ್ಲಿ. ಮದುವೆಯಾಗಿ ಪುಣೆಗೆ ಬಂದೆ, ನರ್ಸ್ ಆಗಿ ದುಡಿದು ನಿವೃತ್ತಳಾದೆ. ಇಲ್ಲಿ ಎಲ್ಲರದೂ ಮರಾಠಿ. ಆದರೆ ಯಾರು ಏನಂದರೂ ನನ್ನ ತಲೆಯಲ್ಲಿ ಅದು ಹುಬ್ಬಳ್ಳಿ ಮಾತಾಗಿಯೇ ಉಳಿಯುತ್ತದೆ.

ನಮ್ಮದು ಸಣ್ಣ ಸಮಾಜ, ಕೊಟ್ಟು ತಂದದ್ದೆಲ್ಲ ನಮ್ಮನಮ್ಮಲ್ಲೇ. ಹೀಗಾಗಿ ಕೆಲವು ಕಾಯಿಲೆಗಳು ರಕ್ತದಲ್ಲಿ ಅಡಗಿ ಕೂತಿರುತ್ತವೆ. ಅಡಗಿಸಿಕೊಂಡವರಿಗೆ ಏನೂ ಆಗುವುದಿಲ್ಲ, ಅವರನ್ನು ಕ್ಯಾರಿಯರ್ ಅನ್ನುತ್ತಾರೆ. ಗಂಡಹೆಂಡತಿ ಇಬ್ಬರಲ್ಲೂ ಅದೇ ಇದ್ದರೆ ಮಾತ್ರ ಮಗುವಿಗೆ ಅಪಾಯ. ಅದಕ್ಕೇ ಮದುವೆಗೆ ಮೊದಲು ರಕ್ತಪರೀಕ್ಷೆ ಮಾಡಿಸಿ ಅಂತ ಒಬ್ಬರು ಡಾಕ್ಟರು ನಮ್ಮ ಪ್ರಾರ್ಥನಾ ಮಂದಿರದಲ್ಲಿ ಶಿಬಿರ ಇಟ್ಟರು. ಜನರಿಗೆ ತಿಳಿಹೇಳುವ ಕೆಲಸ ನನ್ನ ಕೊರಳಿಗೆ ಬಿತ್ತು. ಊರಿಗೆಲ್ಲ ಹೇಳಿದೆ, ಮನೆಯಲ್ಲಿ ಮಾತ್ರ ತುಟಿ ಬಿಚ್ಚಲಿಲ್ಲ. ಮೊಮ್ಮಗಳ ಮದುವೆ ಗೊತ್ತಾಗಿತ್ತು. ಕ್ಯಾರಿಯರ್ ಅಂತ ಬಂದರೆ ಹುಡುಗನ ಕಡೆಯವರು ಹಿಂದೆ ಸರಿದಾರೆಂಬ ಭಯ.

ಮೂರು ನಕ್ಷತ್ರ

ಎಲ್ಲರೂ ಪ್ರಾರ್ಥನೆಗೆ ಸೇರುತ್ತಾರಲ್ಲ ಅಂತ ಡಾಕ್ಟರು ಶನಿವಾರವೇ ಬಂದುಬಿಟ್ಟರು. ಶನಿವಾರ ನಮಗೆ ಸಬ್ಬತ್, ಯಾವ ಕೆಲಸವನ್ನೂ ಮಾಡಬಾರದ ದಿನ. ರಕ್ತ ಕೊಡುವುದಿರಲಿ, ಸಹಿಯನ್ನೂ ಮಾಡುವುದಿಲ್ಲ.

"ಸೂರ್ಯ ಮುಳುಗಿದ ಮೇಲೆ ಕೊಡಬಹುದಲ್ಲ?" ಅಂದರು ಡಾಕ್ಟರು.

ಮಂದಿರದ ಹಿರಿಯರು ಒಪ್ಪಲಿಲ್ಲ. "ಮುಳುಗಿದ್ರ ಸಾಲೂದಿಲ್ರಿ. ಆಕಾಶದಾಗ ಮೂರು ನಕ್ಷತ್ರ ಕಾಣಬೇಕು."

ಪುಣೆಯ ಮಳೆಗಾಲ. ಎಲ್ಲರೂ ಮೆಟ್ಟಿಲ ಮೇಲೆ ನಿಂತು ಕತ್ತೆತ್ತಿದೆವು. "ಒಂದು!" ಅಂತ ಯಾರೋ ಕೂಗಿದರು. ಅದು ಇಳಿಯುತ್ತಿದ್ದ ವಿಮಾನ. "ಎರಡು!" ಅದು ಮೊಬೈಲ್ ಟವರಿನ ದೀಪ. "ಸಬ್ಬತ್ ಮುಗಿಯೂ ಟೈಮ್ ನಮ್ಮ ಕ್ಯಾಲೆಂಡರಿನಾಗ ಕೊಟ್ಟಾರಲ್ರಿ," ಅಂದೆ. "ಆ ಕ್ಯಾಲೆಂಡರ್ ಮುಂಬೈದು," ಅಂದರು ಹಿರಿಯರು, ಪುಣೆಯವರ ಗತ್ತಿನಲ್ಲಿ.

ಐಸಿನ ಡಬ್ಬಿ ಹಿಡಿದು ನಿಂತು ಸುಸ್ತಾದ ಲ್ಯಾಬಿನ ಹುಡುಗಿ ನನ್ನ ಕಿವಿಯಲ್ಲಿ ಕೇಳಿದಳು: "ಆಜಿ, ಮಳಿಗಾಲದಾಗ ನಿಮ್ಮ ಶನಿವಾರ ಯಾವಾಗ ಮುಗೀತದ?"

"ಗಣಪತಿ ಕಳಿಸಿದ ಮ್ಯಾಲೆ," ಅಂದೆ.

ಕೈ ಎತ್ತಿದವನು

ಶಿಬಿರ ಭಾನುವಾರಕ್ಕೆ ಹೋಯಿತು. ಡಾಕ್ಟರು ಮೊದಲು ಭಾಷಣ ಮಾಡಿ, "ಈ ಸಭಾಂಗಣದಲ್ಲಿ ಬೇರೆ ಯಾರಿಗೂ ಸಂಬಂಧಿ ಅಲ್ಲದವರು ಕೈ ಎತ್ತಿ," ಅಂದರು. ಬಾಗಿಲಲ್ಲಿದ್ದ ವಾಚ್‌ಮನ್ ಒಬ್ಬನೇ ಕೈ ಎತ್ತಿದ. ಮೊದಲು ಅವನೇ ಹೋಗಿ ತೋಳು ಚಾಚಿ ಕೂತ.

"ನಿಮಗೆ ಬೇಡಪ್ಪಾ, ಇದು ಇವರಿಗೆ," ಅಂದರು ಡಾಕ್ಟರು.

"ಇರ್ಲಿ ಸಾಹೇಬ್ರ, ತಗೋರಿ," ಅಂದ ಅವನು. "ಇವ್ರೆಲ್ಲಾ ಸೂಜಿಗೆ ಹೆದರಿ ನನ್ನ ಮುಂದ ಕಳಿಸ್ಯಾರ."

ಧನಕವಡಿಯ ಲ್ಯಾಬು

ಕೊನೆಗೆ ನನಗೇ ತಡೆಯಲಾಗಲಿಲ್ಲ. ಮೊಮ್ಮಗಳ ಪರೀಕ್ಷೆ ಗುಟ್ಟಾಗಿ ಮಾಡಿಸೋಣವೆಂದು ಅವಳನ್ನೇ ಕೇಳಿದೆ, "ನಮ್ಮವರು ಯಾರೂ ಸಿಗದಂಥ ಲ್ಯಾಬು ಎಲ್ಲಿ ಅದ?"

"ಧನಕವಡಿ," ಅಂದಳು, ಒಂದು ಕ್ಷಣವೂ ಯೋಚಿಸದೆ. ಊರಿನ ದಕ್ಷಿಣ ತುದಿ. ಬೆಳಿಗ್ಗೆ ಹೋದೆವು. ಒಳಗೆ ಕಾಲಿಟ್ಟರೆ ಫ್ಯಾನಿನ ಕೆಳಗೆ, ಊರಿನ ಇನ್ನೊಂದು ಮೂಲೆಯ ಖರಾಡಿಯಿಂದ ಬಂದ ನಮ್ಮ ಬೀಗಿತ್ತಿ, ಹುಡುಗನ ಅಜ್ಜಿ! ಪಕ್ಕದಲ್ಲಿ ಹುಡುಗ. ಬೀಗಿತ್ತಿಯ ಕೈಯಲ್ಲಿ ಒಂದು ಬಟಾಟೆವಡಾ, ತೊಡೆಯ ಮೇಲಿನ ಕಾಗದದಲ್ಲಿ ಇನ್ನೊಂದು.

"ಏನ್ರಿ ಬಾಯಾರ, ನೀವಿಲ್ಲಿ?" ಅಂದರು, ಗಾಬರಿಯಾಗಿ.

"ಬಿಪಿ ನೋಡಿಸಾಕ ಬಂದೀನ್ರಿ. ನೀವು?"

"ಶುಗರ್. ಫಾಸ್ಟಿಂಗ್."

ನನ್ನದು ನರ್ಸಿನ ಬಾಯಿ, ಸುಮ್ಮನಿರಲಿಲ್ಲ. "ಫಾಸ್ಟಿಂಗಿಗೆ ವಡಾ ತಿಂತಾರೇನ್ರಿ?"

"ಮನ್ಯಾಗ ಬಿಪಿ ಮಷೀನ್ ಇಟ್ಕೊಂಡು ಧನಕವಡಿತನಕ ಬರ್ತಾರೇನ್ರಿ?"

ಇಬ್ಬರೂ ಗೋಡೆ ನೋಡುತ್ತ ಕೂತೆವು. ಅಷ್ಟರಲ್ಲಿ ಲ್ಯಾಬಿನವಳು ಬಂದು ಮಕ್ಕಳನ್ನು ನೋಡಿ, "ಅರೆ, ನೀವಿಬ್ರೂ ಮತ್ಯಾಕ ಬಂದ್ರಿ? ನಿಮ್ದು ಎಂದೋ ಆಗೇದಲ್ಲ?" ಅಂದಳು.

ಮದುವೆ ಗೊತ್ತಾಗುವ ಮೊದಲೇ ಇಬ್ಬರೂ ಜೊತೆಯಾಗಿ ಪರೀಕ್ಷೆ ಮಾಡಿಸಿಕೊಂಡಿದ್ದರು! ಅಜ್ಜಿಯಂದಿರಿಬ್ಬರೂ ಕದ್ದು ಒದ್ದಾಡುವುದು ಗೊತ್ತಾಗಿ, ಎದುರುಬದುರು ಕೂರಿಸಲಿಕ್ಕೆ ಇದೇ ಲ್ಯಾಬು, ಇದೇ ಹೊತ್ತು ಹೇಳಿದ್ದರು.

"ನಾನು ಕ್ಯಾರಿಯರ್, ಆಜಿ," ಅಂದಳು ಮೊಮ್ಮಗಳು, ಬೀಗಿತ್ತಿಯ ಮುಖ ನೋಡಿಯೇ. "ಅವನಲ್ಲ."

ಬೀಗಿತ್ತಿ ಮೊಮ್ಮಗನನ್ನು ಕೇಳಿದರು, "ಅಂದ್ರ, ಮಕ್ಕಳಿಗೆ ರೋಗ ಬರೂದಿಲ್ಲಲ್ಲ?"

"ಇಲ್ಲ ಆಜಿ."

ಅವರು ಎರಡನೆಯ ವಡೆ ಮುರಿದು ಅರ್ಧ ನನ್ನ ಮೊಮ್ಮಗಳ ಕೈಗಿಟ್ಟರು. "ತಿನ್ನವ್ವಾ. ಮದುವಿಗೆ ಇಷ್ಟು ಸೊರಗಬಾರದು."

ಹೊರಗೆ ರಿಕ್ಷಾ ಹತ್ತುವಾಗ ನನ್ನ ಕೈ ಹಿಡಿದು ಪಕ್ಕಕ್ಕೆಳೆದರು. "ಬಾಯಾರ, ಇದನ್ನ ಯಾರಿಗೂ ಹೇಳಬ್ಯಾಡ್ರಿ."

"ಕ್ಯಾರಿಯರ್ ವಿಷಯಾನ?"

"ಹುಡುಗ್ರು ಹೂಂ ಅಂದ್ರ ಅದನ್ನ ಊರಿಗೆಲ್ಲಾ ಹೇಳ್ರಿ, ನಾಕು ಮಂದಿಗೆ ಉಪಯೋಗ ಆಗ್ತದ. ವಡಾ ತಿಂದದ್ದು ಮಾತ್ರ ನನ್ನ ಮಗನ ಕಿವಿಗೆ ಹಾಕಬ್ಯಾಡ್ರಿ. ನನಗ ಖರೇನೇ ಶುಗರ್ ಅದ!"

ಬಾಯಿ ಬಿಡುವುದಿಲ್ಲವೆಂದು ಮಾತು ಕೊಟ್ಟೆ. ಕೊಟ್ಟ ಮಾತು ಮುರಿಯುವವಳಲ್ಲ ನಾನು. ಮನೆಗೆ ಬಂದವಳೇ, ನಾನೇ ಕನ್ನಡ ಕಲಿಸಿದ ಮೊಮ್ಮಗಳನ್ನು ಕರೆದು ಕೇಳಿದೆ, ಅವಳು ಹುಡುಗನನ್ನೂ ಫೋನಿನಲ್ಲಿ ಕೇಳಿ, ನಗುತ್ತ ಹೂಂ ಅಂದಳು. "ಹಂಗಾರ ಪೆನ್ನು ತಗೋ," ಅಂದೆ. "ನಾ ಯಾರ ಮುಂದೂ ಹೇಳೂದಿಲ್ಲ. ನೀ ಬರಿ."