ಬಟ್ಟೆ ಮನೆಯೋ, ಗಟ್ಟಿ ಮನೆಯೋ?

ನನಗೆ ಟೋಪಿ ಹಾಕುವ ಗಂಡು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ! ಪರದೆ, ಹೊದಿಕೆ ಮಾರಿಯೇ ತಲೆ ನರೆತವನು ನಾನು. ಕೊಳ್ಳುವುದರಲ್ಲೂ ನನ್ನದೊಂದು ಶಾಸ್ತ್ರವಿದೆ. ಬೇಕಾದ ಮಾಲಿಗೆ ಮೂಗು ಮುರಿಯಬೇಕು, ಬೇಡದ ಮಾಲನ್ನು ಹೊಗಳಿ ಅಟ್ಟಕ್ಕೇರಿಸಬೇಕು. ಆಗ ಬೇಕಾದದ್ದು ತಾನಾಗಿಯೇ ಅಗ್ಗಕ್ಕೆ ಇಳಿದು ಬರುತ್ತದೆ.

ಈ ಸಲ ರಜೆಗೆ ಕಾರಿನ ಹಿಂದೆ ಮನೆಯನ್ನೇ ಕಟ್ಟಿಕೊಂಡು ಊರೂರು ಸುತ್ತುವುದೆಂದು ತೀರ್ಮಾನವಾಯಿತು. ಯಾವ ಮನೆ ಎಂಬುದಕ್ಕೇ ಜಗಳ. ನನಗೆ ಬೇಕಾದದ್ದು ಕ್ಯಾಂಪರ್ ಟ್ರೈಲರ್: ಎಳೆಯುವಾಗ ಪುಟ್ಟ ಪೆಟ್ಟಿಗೆ, ಬಿಚ್ಚಿ ನಿಲ್ಲಿಸಿದರೆ ಬಟ್ಟೆಯ ಗುಡಾರ. ಹೆಂಡತಿಗೆ ಬೇಕಾದದ್ದು ಕ್ಯಾರವಾನ್: ಗೋಡೆ, ಬಾಗಿಲು, ಮಂಚ, ಒಲೆ ಎಲ್ಲ ಇರುವ ಗಟ್ಟಿ ಮನೆ, ಕೆಳಗೆ ಚಕ್ರ.

"ಅಷ್ಟು ದೊಡ್ಡದನ್ನ ನಮ್ಮ ಗಲ್ಲೀಲಿ ತಿರುಗಿಸೋರು ಯಾರು?" ಎಂದೆ.

"ಆ ಮಂಡಿನೋವು ಇಟ್ಕೊಂಡು ನಮ್ಮಮ್ಮ ಗುಡಾರದೊಳಗೆ ತೆವಳಬೇಕಾ?" ಎಂದಳು.

ಪಕ್ಕದಲ್ಲೇ ಕೂತಿದ್ದ ಅತ್ತೆಯವರು ಮಂಡಿ ನೀವಿಕೊಂಡರು. ಮಾತಿಗಿಂತ ಅದೇ ಜೋರಾಗಿ ಕೇಳಿಸಿತು.

"ಸರಿ, ಎರಡನ್ನೂ ನೋಡೇ ಬಿಡೋಣ. ಆದ್ರೆ ವ್ಯಾಪಾರ ಮಾತಾಡೋನು ನಾನು!"

"ಆಯ್ತಪ್ಪ" ಎಂದಳು. ಇಷ್ಟು ಸುಲಭಕ್ಕೆ ಒಪ್ಪಿದಳಲ್ಲ ಎಂದು ಅನುಮಾನ ಬರಬೇಕಿತ್ತು. ನನಗೆ ಜಂಭ ಬಂತು.

ಅತ್ತೆಯವರನ್ನೂ ಕರೆದುಕೊಂಡು ಹೋದೆವು. ಗಾಡಿ ಮಾರುವವನ ಅಂಗಳದಲ್ಲಿ ಎರಡೂ ಅಕ್ಕಪಕ್ಕ ನಿಂತಿದ್ದವು. ಕ್ಯಾಂಪರ್ ಕಡೆ ಕಣ್ಣು ಕೂಡ ಹಾಯಿಸದೆ ನೇರ ಕ್ಯಾರವಾನ್ ಹತ್ತಿದೆ.

"ಆಹಾ! ಗಾಡಿಯಲ್ಲ ಕಣೇ, ಅರಮನೆ!"

"ಹೌದಾ? ಮಂಚ ಮೆತ್ತಗಿದೆಯೇನ್ರೀ?"

"ಮೆತ್ತಗಾ? ಚಕ್ರವರ್ತಿಗಳಿಗೂ ಸಿಗದ ಸುಪ್ಪತ್ತಿಗೆ! ಬಾಗಿಲು ನೋಡು, ಬಿರುಗಾಳಿ ಬಂದ್ರೂ ಹೊರಗೆ ನಿಂತು ಅಪ್ಪಣೆ ಕೇಳ್ಬೇಕು!"

"ಮತ್ತೆ ಕಿಟಕಿ?"

ಕಿಟಕಿಯ ಮೇಲೊಂದು ಭಾಷಣ ಬಿಗಿದೆ. ಒಲೆಯ ಮೇಲೊಂದು. ಕೈತೊಳೆಯುವ ನಲ್ಲಿಯ ಹತ್ತಿರ ಬಂದಾಗಲಂತೂ ನೀರಿಗಿಂತ ಮೊದಲು ನನ್ನಿಂದ ಕಾವ್ಯ ಹರಿಯಿತು. ಮಾರುವವನು ಕೈಕಟ್ಟಿ ನಿಂತಿದ್ದ, ಬಾಯಿಯೇ ಬಿಡಲಿಲ್ಲ. ಬೆಪ್ಪು ಎಂದುಕೊಂಡೆ.

ಆಮೇಲೆ ಕ್ಯಾಂಪರ್ ಕಡೆ ತಿರುಗಿದೆ. "ಇದೇನ್ರೀ ಈ ಹರಕು ಚೀಲ? ಒಂಟಿ ಹೊಲಿಗೆ! ಒಂದು ಮಳೆ ಬಂದ್ರೆ ಒಳಗಿರೋರು ಈಜು ಕಲೀಬೇಕು! ಬಟ್ಟೆ ಬಲ್ಲವನಿಗೆ ಇಂಥದ್ದನ್ನ ತೋರಿಸೋಕೆ ನಾಚಿಕೆ ಆಗಲ್ವಾ?"

ಬೆಲೆ ಇನ್ನೇನು ಧೊಪ್ಪನೆ ಬೀಳಬೇಕು, ಕಾದೆ.

"ಆಗುತ್ತೆ ಸಾರ್" ಎಂದ ಅವನು. "ನೀವಿಷ್ಟು ಹೇಳಿದ್ಮೇಲೂ ಇದನ್ನ ನಿಮಗೆ ಮಾರಿದ್ರೆ ನನಗೆ ನಿದ್ದೆ ಬರಲ್ಲ." ನಾನು ನೋಡುತ್ತಿದ್ದಂತೆಯೇ ಕ್ಯಾಂಪರನ್ನು ಮಡಚಿ ಶೆಡ್ಡಿನೊಳಕ್ಕೆ ತಳ್ಳಿ ಬೀಗ ಜಡಿದ!

"ಅಲ್ಲ... ಹೊಲಿಗೆ ಬೇಕಾದ್ರೆ ನಾನೇ ಹಾಕಿಸ್ಕೋತೀನಿ..." ತೊದಲಿದೆ.

"ಬೇಡ ಸಾರ್. ವಯಸ್ಸಾದೋರು ನೆನೆದ್ರೆ ನಿಮಗೇ ಕಷ್ಟ."

ವಯಸ್ಸಾದವರೆಲ್ಲಿ ಎಂದು ತಿರುಗಿ ನೋಡಿದರೆ, ಚಪ್ಪಲಿ ಕ್ಯಾರವಾನಿನ ಮೆಟ್ಟಿಲ ಬಳಿ ಇತ್ತು, ಅತ್ತೆಯವರು ಒಳಗೆ ಮಂಚದ ಮೇಲಿದ್ದರು. "ಅಳಿಯಂದಿರು ಹೇಳಿದ್ರಲ್ಲಿ ಒಂದಕ್ಷರ ಸುಳ್ಳಿಲ್ಲ!" ಎಂಬ ಪ್ರಶಸ್ತಿ ಕಿಟಕಿಯಿಂದ ಬಂತು. ಬೆಲೆಯಲ್ಲಿ ಬಿಡಿಗಾಸೂ ಕಡಿಮೆಯಾಗಲಿಲ್ಲ. ಅಷ್ಟು ಹೊಗಳಿದ ಮೇಲೆ ಕೇಳುವುದಾದರೂ ಯಾವ ಬಾಯಲ್ಲಿ?

ಹೇಳಿದಷ್ಟೂ ಹಣ ಕೊಟ್ಟು, ಮಂಚ ಬಿಟ್ಟೇಳದ ಅತ್ತೆಯವರ ಸಮೇತ ಅರಮನೆಯನ್ನು ಎಳೆದುಕೊಂಡು ಹೊರಟೆ. ನಮ್ಮ ಗಲ್ಲಿಯವರೆಗೆ ಅದು ಸಾಧುವಾಗಿಯೇ ಬಂತು. ಗೇಟಿನೊಳಕ್ಕೆ ಹಿಮ್ಮುಖವಾಗಿ ಬಿಡುವಾಗ ಶುರುವಾಯಿತು ನೋಡಿ! ನಾನು ಎಡಕ್ಕೆ ತಿರುಗಿಸಿದರೆ ಅದು ಬಲಕ್ಕೆ. ಬಲಕ್ಕೆ ತಿರುಗಿಸಿದರೆ ಹಟ ಹಿಡಿದು ಅಡ್ಡಕ್ಕೆ! ಕೊನೆಗೆ ಗಲ್ಲಿಯನ್ನೇ ಮುಚ್ಚಿ ನಿಂತು, ಹಿಂಭಾಗವನ್ನು ಎದುರಿನ ದರ್ಜಿಯ ಕಿಟಕಿಗೆ ಒಡ್ಡಿತು.

ದರ್ಜಿ ಕತ್ತರಿ ಹಿಡಿದೇ ಹೊರಗೆ ಬಂದ. "ಏನ್ ಸ್ವಾಮಿ, ಇದಕ್ಕೂ ಅಳತೆ ತಗೋಬೇಕಾ?"

ಹಿಂದಿನಿಂದ ಹಾರನ್ನುಗಳ ಮೇಳ. ನಾನು ಬೆವರಿನಲ್ಲಿ ತೊಯ್ದು ತೊಪ್ಪೆ.

"ಇಳೀರಿ" ಎಂದಳು ಹೆಂಡತಿ.

ಇಳಿದೆ. ಅವಳು ಕೂತಳು. ಕನ್ನಡಿ ನೋಡಿದಳು, ಚೂರು ಮುಂದೆ, ಚೂರು ಹಿಂದೆ. ಸೂಜಿಗೆ ದಾರ ಪೋಣಿಸಿದಂತೆ ಕ್ಯಾರವಾನ್ ಗೇಟಿನೊಳಗೆ ಹೋಗಿ ನಿಂತಿತು! ಒಳಗೆ ಮಲಗಿದ್ದ ಅತ್ತೆಯವರಿಗೆ ಎಚ್ಚರವೂ ಆಗಲಿಲ್ಲ.

"ಇದನ್ನ ಯಾವಾಗ ಕಲಿತೆ?"

"ಹೋದ ವಾರ. ಆ ಗಾಡಿಯವರೇ ಕಲಿಸಿದ್ರು, ಅವರ ಅಂಗಳದಲ್ಲಿ."

"ಹೋದ ವಾರ? ನಾವು ನೋಡಿದ್ದು ಇವತ್ತಲ್ವೇನೇ?"

"ಇವತ್ತು ನೋಡಿದ್ದು ನೀವು. ನಾನೂ ಅಮ್ಮನೂ ಮೊದ್ಲೇ ನೋಡಿ, ನಮಗೇ ಅಂತ ತೆಗೆದಿಡಿಸಿದ್ವಿ. 'ನಮ್ಮೆಜಮಾನ್ರು ಬರ್ತಾರೆ, ನೀವು ಬಾಯಿ ಬಿಡ್ಬೇಡಿ, ಮಾರೋ ಕೆಲಸ ಅವರೇ ಮಾಡ್ತಾರೆ' ಅಂತ ಹೇಳಿದ್ದೂ ನಾನೇ."

ನನ್ನ ಮುಖ ಹುಳ್ಳಗಾಯಿತು. "ಹಾಗಿದ್ರೆ ನೀನೇ ತರಬಹುದಿತ್ತಲ್ಲ! ನನ್ನನ್ಯಾಕೆ ಕರ್ಕೊಂಡು ಹೋದೆ?"

ಕೀಲಿಯನ್ನು ನನ್ನ ಅಂಗೈಗಿಟ್ಟು ಅವಳೆಂದಳು: "ನಾನೇ ತಂದಿದ್ರೆ ಜೀವಮಾನವಿಡೀ ಅದರ ಕುಂದು ಹೇಳಿ ನನ್ನ ತಲೆ ತಿಂತಿದ್ರಿ. ಈಗ ಒಂದು ಹೇಳಿ, ನೋಡೋಣ!"