ಗಣಿತದ ಮಾಸ್ಟ್ರು ಹೊಲಿಸಿದ ಬಾಣಲೆ

ಷಡ್ಭುಜದ ವಿಷಯದಲ್ಲಿ ನನಗೆ ಯಾರೂ ಏನನ್ನೂ ಕಲಿಸಬೇಕಾಗಿಲ್ಲ ಎಂದು ನಾನು ದೃಢವಾಗಿ ನಂಬಿದ್ದೆ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನು ನಾನು. ಆರು ಸಮ ಬಾಹುಗಳು, ಆರು ಸಮ ಕೋನಗಳು, ಒಂದೊಂದು ಕೋನವೂ ನೂರಿಪ್ಪತ್ತು ಡಿಗ್ರಿ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಕರಿಹಲಗೆಯ ಬದಲು ಬಟ್ಟೆಯ ಮೇಲೆ ಬರೆದ ಮಾತ್ರಕ್ಕೆ ಕೋನ ಬದಲಾಗುತ್ತದೆಯೇ? ಇಲ್ಲ. ಬದಲಾಗುವುದು ಬರೆದವನ ಮರ್ಯಾದೆ!

ನಾನು ನಿವೃತ್ತನಾದ ಎರಡನೆಯ ತಿಂಗಳಿಗೆ ನನ್ನ ಹೆಂಡತಿ ಸುಮತಿ ಹೊಲಿಗೆಯ ಗುಂಪೊಂದಕ್ಕೆ ಸೇರಿದಳು. ಈ ಎರಡು ಸಂಗತಿಗಳಿಗೆ ಸಂಬಂಧವಿಲ್ಲ ಎಂದು ನಾನು ತಿಳಿದಿದ್ದೆ. "ಇಡೀ ದಿನ ನೀವು ಮನೆಯಲ್ಲೇ ಇದ್ದರೆ ನನಗೂ ಎಲ್ಲಿಗಾದ್ರೂ ಹೋಗ್ಲಿಕ್ಕೆ ಬೇಡ್ವಾ?" ಎಂದು ಅವಳೇ ಆ ಸಂಬಂಧವನ್ನು ಬಿಡಿಸಿ ಹೇಳಿದಳು.

ಪ್ರತಿ ಬುಧವಾರ ಮಧ್ಯಾಹ್ನ ಬೋಳಾರದ ನಮ್ಮ ಮನೆಯಿಂದ ಫಳ್ನೀರಿನ ಒಂದು ಫ್ಲ್ಯಾಟಿಗೆ ಅವಳನ್ನು ಸ್ಕೂಟರಿನಲ್ಲಿ ಬಿಡುವುದು ನನ್ನ ಕೆಲಸವಾಯಿತು. ಮೊದಲ ದಿನ ಬಾಗಿಲು ತೆರೆದವರು ನಲವತ್ತು ದಾಟಿದ ಹೆಂಗಸು. ನನ್ನನ್ನು ಕಂಡವರೇ ಕೈ ಮುಗಿದರು.

"ಸರ್, ನನ್ನ ಗುರುತು ಸಿಕ್ಕಿತಾ? ನಾನು ಐರಿನ್. ಎಸ್ಸೆಸ್ಸೆಲ್ಸಿಯಲ್ಲಿ ನಿಮ್ಮ ಸಬ್ಜೆಕ್ಟಲ್ಲಿ ಎರಡು ಸಲ ಫೇಲಾದವಳು."

ಪಾಸಾದವರು ದಾರಿಯಲ್ಲಿ ಸಿಕ್ಕರೆ ಮುಖ ತಿರುಗಿಸಿ ಹೋಗುತ್ತಾರೆ. ಫೇಲಾದವಳು ಒಳಗೆ ಕರೆದು ಚಾ ಕೊಟ್ಟಳು. ಐರಿನ್ ಹದಿನೆಂಟು ವರ್ಷ ಕುವೈತಿನಲ್ಲಿ ನರ್ಸ್ ಆಗಿದ್ದವಳು. ಅಲ್ಲಿ ಜೊತೆಗಿದ್ದ ಒಬ್ಬಳಿಂದ ಈ ಹೊಲಿಗೆ ಕಲಿತು ಬಂದು, ಈಗ ಊರಿನ ಹೆಂಗಸರಿಗೆ ಕಲಿಸುತ್ತಿದ್ದಳು. ಕಾಗದವನ್ನು ಷಡ್ಭುಜಾಕಾರದಲ್ಲಿ ಕತ್ತರಿಸುವುದು, ಅದರ ಮೇಲೆ ಬಟ್ಟೆಯ ತುಂಡನ್ನು ಮಡಚಿ ಕಚ್ಚಾ ಹೊಲಿಗೆ ಹಾಕುವುದು, ಅಂಥ ಏಳು ತುಂಡುಗಳನ್ನು ಅಂಚಿಗೆ ಅಂಚು ಸೇರಿಸಿದರೆ ಒಂದು ಹೂ. ಹೂಗಳನ್ನೆಲ್ಲ ಜೋಡಿಸಿ, ಆಮೇಲೆ ಕಾಗದ ತೆಗೆದು, ಹಿಂದಿನಿಂದ ಬಟ್ಟೆ ಕೊಟ್ಟರೆ ಕೌದಿ. ಎಲ್ಲವೂ ಕೈಹೊಲಿಗೆ.

ಗುಂಪು ಎಂದರೆ ನಾಲ್ಕೇ ಜನ. ಐರಿನ್, ಸುಮತಿ, ಅಂಚೆ ಕಚೇರಿಯಿಂದ ನಿವೃತ್ತರಾದ ಜಯಂತಿಯಕ್ಕ, ಮತ್ತು ಉಳ್ಳಾಲದ ನಫೀಸಾ. ನಫೀಸಾ ಎಲ್ಲರಿಗಿಂತ ಸಣ್ಣವಳು, ಚೊಚ್ಚಲ ಬಸುರಿ. ಏಳು ತಿಂಗಳಾದಾಗ ಡಾಕ್ಟರು ಬಸ್ಸು ಹತ್ತುವುದು ಬೇಡ ಎಂದರು. ಅವಳು ಬರುವುದು ನಿಂತ ಬುಧವಾರವೇ ಉಳಿದ ಮೂವರು ಸೇರಿ ಅವಳ ಮಗುವಿಗೆ ಗುಟ್ಟಾಗಿ ಒಂದು ಕೌದಿ ಹೊಲಿಯುವುದೆಂದು ತೀರ್ಮಾನಿಸಿದರು. ಮೂವತ್ತೇಳು ಹೂಗಳ ಕೌದಿ.

ಮೂಲೆಯಲ್ಲಿ ಕುಳಿತು ಪೇಪರು ಓದುತ್ತಿದ್ದ ನಾನು ಸುಮ್ಮನಿದ್ದಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಐರಿನ್ ಹಳೆಯದೊಂದು ರಟ್ಟಿನ ಅಚ್ಚನ್ನು ಕಾಗದದ ಮೇಲಿಟ್ಟು, ಸುತ್ತ ಪೆನ್ಸಿಲ್ ಎಳೆದು, ಒಂದೊಂದಾಗಿ ಕತ್ತರಿಸುತ್ತಿದ್ದಳು. ನನ್ನೊಳಗಿನ ಮಾಸ್ಟ್ರಿಗೆ ತಡೆಯಲಾಗಲಿಲ್ಲ.

"ಐರಿನ್, ಇದು ಅವೈಜ್ಞಾನಿಕ ಕ್ರಮ! ಪೆನ್ಸಿಲಿನ ಗೆರೆಯ ದಪ್ಪದಷ್ಟು ಪ್ರತಿ ಸಲ ತಪ್ಪಾಗ್ತದೆ. ಕೈವಾರದಲ್ಲಿ ಒಂದು ಹಾಳೆ ಸರಿಯಾಗಿ ಬರೆದು ಜೆರಾಕ್ಸ್ ಮಾಡಿಸಿದರೆ ಆಯಿತಲ್ಲ? ಅದನ್ನು ನನಗೆ ಬಿಡು."

"ಬೇಡ ಸರ್, ನಿಮಗೆ ಯಾಕೆ ಸುಮ್ಮನೆ ತೊಂದರೆ?" ಎಂದಳು ಐರಿನ್, ಬಹಳ ವಿನಯದಿಂದ.

"ತೊಂದರೆ ಅವರಿಗಲ್ಲ ಐರಿನ್, ನಮಗೆ," ಎಂದಳು ಸುಮತಿ. ನನಗೆ ಅದು ಕೇಳಿಸಲಿಲ್ಲ. ಕೇಳಿಸಿದ್ದರೂ ಅರ್ಥವಾಗುತ್ತಿರಲಿಲ್ಲ.

ಅಂದು ಸಂಜೆ ಕೈವಾರ, ಅಳತೆಪಟ್ಟಿ ಹಿಡಿದು ಕುಳಿತೆ. ಐರಿನ್‌ಳ ಅಚ್ಚಿನಂತೆಯೇ ಒಂದಿಂಚು ಬಾಹುವಿನ ಷಡ್ಭುಜಗಳನ್ನು ಹಾಳೆಯ ತುಂಬ, ಅಂಚಿನವರೆಗೂ ಬರೆದೆ. ಜೇನುಗೂಡಿನ ಹಾಗೆ ಕಾಣುತ್ತಿತ್ತು. ಸುಮತಿಗೆ ಮೂರು ಸಲ ತೋರಿಸಿದೆ. ಎರಡು ಸಲ ನೋಡಿದಳು. ಮರುದಿನ ಜೆರಾಕ್ಸ್ ಅಂಗಡಿಗೆ ಹೋದರೆ, ಅಲ್ಲಿಯ ಹುಡುಗಿ ಹಾಳೆಯನ್ನು ತಿರುಗಿಸಿ ನೋಡಿ ಕೇಳಿದಳು: "ಸರ್, ಇದು ಅಂಚಿನಲ್ಲಿ ಕಟ್ ಆಗ್ತದೆ. ಪೇಜಿಗೆ ಫಿಟ್ ಮಾಡ್ಲಾ?"

"ಮಾಡು ಮಗಾ. ಚಂದ ಫಿಟ್ ಆಗಲಿ!" ಎಂದೆ.

ಈ ಒಂದು ವಾಕ್ಯವನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ನಾನು ಮಾತ್ರ ಅಂಗಡಿಯ ಮೆಟ್ಟಿಲು ಇಳಿಯುವುದರೊಳಗೆ ಮರೆತಿದ್ದೆ.

ನನ್ನ ಕಾಗದಗಳು ಬರುವ ಹೊತ್ತಿಗೆ ನಡುವಿನ ಹತ್ತೊಂಬತ್ತು ಹೂಗಳು ಐರಿನ್‌ಳ ರಟ್ಟಿನ ಅಳತೆಯಲ್ಲೇ ತಯಾರಾಗಿದ್ದವು. ಉಳಿದದ್ದು ಹೊರಸುತ್ತಿನ ಹದಿನೆಂಟು ಹೂ. ಹೂವಿಗೆ ಏಳರಂತೆ ನೂರಿಪ್ಪತ್ತಾರು ತುಂಡುಗಳು. ಈ ಇಡೀ ಪ್ರಕರಣದಲ್ಲಿ ನಾನು ಮಾಡಿದ ಲೆಕ್ಕಗಳಲ್ಲಿ ಸರಿಯಾದದ್ದು ಇದೊಂದೇ.

ಕಾಗದ ಒದಗಿಸಿ ಸುಮ್ಮನಾಗಬಹುದಿತ್ತು. ಆದರೆ ಸಿದ್ಧಾಂತ ಬಲ್ಲವನಿಗೆ ಪ್ರಯೋಗ ಯಾವ ಲೆಕ್ಕ? "ನಾಲ್ಕು ಹೂ ನಾನೇ ಹೊಲಿಯುತ್ತೇನೆ" ಎಂದು ಘೋಷಿಸಿದೆ. ಮನೆಯಲ್ಲಿ ಕಪಾಟಿನ ಮೇಲಿದ್ದ ನವಿಲು ಬಣ್ಣದ ಚಂದದ ತುಂಡೊಂದು ಕಣ್ಣಿಗೆ ಬಿತ್ತು. ಅದನ್ನು ತೆಗೆದು, ಕಾಗದವಿಟ್ಟು, ಒಂದು ಕೂದಲೆಳೆ ಹೆಚ್ಚುಕಡಿಮೆಯಾಗದಂತೆ ಅದೇ ಅಳತೆಗೆ ಕತ್ತರಿಸಿದೆ. ಬುಧವಾರ ಹೆಮ್ಮೆಯಿಂದ ಐರಿನ್‌ಳ ಮುಂದೆ ಹರಡಿದೆ.

ಐರಿನ್ ಒಂದು ತುಂಡನ್ನು ಎತ್ತಿ ಎರಡೂ ಬದಿ ನೋಡಿದಳು. "ಚಂದ ಉಂಟು ಸರ್. ಆದರೆ ಕಾಗದದ ಮೇಲೆ ಮಡಚಲಿಕ್ಕೆ ಬಟ್ಟೆ ಎಲ್ಲಿ?"

ಮಡಚಲಿಕ್ಕೆ ಸುತ್ತ ಕಾಲಿಂಚು ಹೆಚ್ಚು ಬಿಡಬೇಕಂತೆ. ರೇಖಾಗಣಿತದಲ್ಲಿ ಮಡಚುವ ಪದ್ಧತಿ ಇಲ್ಲ!

ಆದರೆ ನಿಜವಾದ ಆಘಾತ ನನ್ನ ಬಲಗಡೆಯಿಂದ ಬಂತು. ಸುಮತಿ ಆ ತುಂಡುಗಳನ್ನು ನೋಡುತ್ತಿದ್ದಳು. ಅವಳ ದನಿ ತುಂಬ ಮೆಲ್ಲಗಿತ್ತು. ಮೆಲ್ಲಗಿದ್ದರೆ ಅಪಾಯ ಹೆಚ್ಚು.

"ಇದು ಎಲ್ಲಿ ಸಿಕ್ಕಿತು ನಿಮಗೆ?"

"ಕಪಾಟಿನ ಮೇಲೆ."

"ಅದು ಅಣ್ಣನ ಮಗಳ ಮದುವೆಗೆ ಉಡುವ ಸೀರೆಯ ಬ್ಲೌಸ್ ಪೀಸ್, ಮಾರಾಯ್ರೇ!"

ಜಯಂತಿಯಕ್ಕ ಕನ್ನಡಕ ತೆಗೆದು ಒರೆಸಿಕೊಂಡರು. ನಗು ಬಂದಾಗ ಅವರು ಹಾಗೆ ಮಾಡುತ್ತಾರೆಂದು ಆಮೇಲೆ ಗೊತ್ತಾಯಿತು. "ಇರಲಿ ಸುಮತಿ. ಇಪ್ಪತ್ತೆಂಟು ತುಂಡು ಉಂಟು. ಜೋಡಿಸಿದರೆ ಒಂದು ಕೈಯಾದ್ರೂ ಆಗ್ತದೆ," ಎಂದು ಸಮಾಧಾನ ಹೇಳಿದರು. ಮದುವೆಗೆ ಸುಮತಿ ಬೇರೆ ಬಣ್ಣದ ರವಿಕೆ ತೊಟ್ಟು ಹೋದಳು. ಕೇಳಿದವರಿಗೆಲ್ಲ ಕಾರಣವನ್ನೂ ಹೇಳಿದಳು. ಬಹಳ ಜನ ಕೇಳಿದರು.

ಬೇರೆ ಬಟ್ಟೆ ಕೊಟ್ಟರು. ಈ ಸಲ ಕಾಲಿಂಚು ಬಿಟ್ಟು ಕತ್ತರಿಸಿದೆ. ವರಾಂಡದಲ್ಲಿ ಕಾಲು ಚಾಚಿ ಕುಳಿತು, ತುಂಡುಗಳನ್ನು ತೊಡೆಯ ಮೇಲಿಟ್ಟುಕೊಂಡು, ಎರಡು ಗಂಟೆ ಏಕಾಗ್ರತೆಯಿಂದ ಹೊಲಿದೆ. ಗೇಟಿನಲ್ಲಿ ಕೊರಿಯರಿನವನು ಕರೆದ. ಎದ್ದು ಹೋದೆ. ಹೂವೂ ನನ್ನ ಜೊತೆಗೆ ಬಂತು. ನಾನು ಅದನ್ನು ಉಟ್ಟ ಲುಂಗಿಗೆ ಸೇರಿಸಿ ಹೊಲಿದಿದ್ದೆ! ಬಿಡಿಸಿಕೊಳ್ಳಲು ಅವಸರದಲ್ಲಿ ಎಳೆದರೆ ಲುಂಗಿಯೇ ಸಡಿಲವಾಗತೊಡಗಿತು. ಒಂದು ಕೈಯಲ್ಲಿ ಲುಂಗಿ, ಇನ್ನೊಂದು ಕೈಯಲ್ಲಿ ಪೆನ್ನು ಹಿಡಿದು ಸಹಿ ಹಾಕಿದೆ. ಕೊರಿಯರಿನವನು ಸಜ್ಜನ. "ಡಿಸೈನ್ ಒಳ್ಳೆದುಂಟು ಸರ್," ಎಂದಷ್ಟೇ ಹೇಳಿ ಹೋದ.

ಅಂತೂ ಹೊರಸುತ್ತಿನ ಹೂಗಳೆಲ್ಲ ಆದವು. ಜೋಡಿಸುವ ದಿನ ಬಂತು. ಜಯಂತಿಯಕ್ಕ ಅಂಚಿಗೆ ಅಂಚು ಹಿಡಿದು ನೋಡಿ ಹೇಳಿದರು: "ಮಾಸ್ಟ್ರೇ, ಹೊರಗಿನದ್ದು ಸ್ವಲ್ಪ ಸಣ್ಣ ಕಾಣ್ತದೆ, ಅಲ್ವಾ?"

"ಅದು ಕಣ್ಣಿನ ಭ್ರಮೆ ಜಯಂತಿಯಕ್ಕ. ಗಾಢ ಬಣ್ಣದ ಆಕೃತಿ ಯಾವಾಗಲೂ ಸಣ್ಣದಾಗಿ ಕಾಣುತ್ತದೆ," ಎಂದು ವಿವರಿಸಿದೆ.

"ಒಮ್ಮೆ ಅಳೆದು ನೋಡುವನಾ ಸರ್?" ಎಂದಳು ಐರಿನ್.

"ಮೂವತ್ತೊಂದು ವರ್ಷ ರೇಖಾಗಣಿತ ಕಲಿಸಿದವನು ಬರೆದದ್ದನ್ನು ಅಳೆಯುವುದೇ? ಸ್ವಲ್ಪ ಎಳೆದು ಹೊಲಿಯಿರಿ, ಸರಿಯಾಗುತ್ತದೆ!"

ಎಳೆದು ಹೊಲಿದರು. ಪಾಪ, ಮೂವರೂ ಎರಡು ವಾರ ಬೆರಳು ಚುಚ್ಚಿಕೊಂಡು ಎಳೆದೆಳೆದು ಹೊಲಿದರು. ಕೊನೆಯ ಹೊಲಿಗೆ ಹಾಕಿ ಐರಿನ್ ಅದನ್ನು ಮೇಜಿನ ಮೇಲೆ ಹರಡಿದಳು. ಅದು ಹರಡಲಿಲ್ಲ. ನಡು ಕೆಳಗೆ ಕುಳಿತು, ಸುತ್ತ ಅಂಚು ಎದ್ದು ನಿಂತಿತು. ಒಳಗೆ ಕಾಗದ ಬೇರೆ ಇತ್ತಲ್ಲ, ಗಟ್ಟಿಯಾಗಿ ನಿಂತಿತು. ಅಂಗೈಯಲ್ಲಿ ಒತ್ತಿದೆ. ಕೈ ತೆಗೆದ ಕೂಡಲೇ ಮತ್ತೆ ಎದ್ದಿತು. ತಿರುಗಿಸಿ ಹಾಕಿದೆ. ಗುಡ್ಡವಾಯಿತು. ಮತ್ತೆ ತಿರುಗಿಸಿದೆ. ಬಾಣಲೆಯಾಯಿತು.

ಐರಿನ್ ಎದ್ದು ಹೋಗಿ ತನ್ನ ಹಳೆಯ ರಟ್ಟಿನ ಅಚ್ಚನ್ನು ತಂದು, ಉಳಿದಿದ್ದ ನನ್ನ ಕಾಗದದ ಷಡ್ಭುಜವೊಂದರ ಮೇಲೆ ಇಟ್ಟಳು. ಕಾಗದ ಪೂರ್ತಿ ಮುಚ್ಚಿಹೋಯಿತು. ಸುತ್ತಲೂ ರಟ್ಟು ಇನ್ನೂ ಮಿಕ್ಕಿತು.

"ಪೇಜಿಗೆ ಫಿಟ್ ಮಾಡ್ಲಾ?" ಎಂಬ ದನಿ ಆಗ ನನ್ನ ಕಿವಿಯಲ್ಲಿ ಕೇಳಿಸಿತು. ಹಾಳೆಯ ಅಂಚು ಕತ್ತರಿಸಿ ಹೋಗದಂತೆ ಆ ಹುಡುಗಿ ಎಲ್ಲವನ್ನೂ ಒಂದಿಷ್ಟು ಕುಗ್ಗಿಸಿದ್ದಳು. ಅದೂ ನನ್ನ ಒಪ್ಪಿಗೆ ಪಡೆದೇ! ಒಂದು ತುಂಡಿನಲ್ಲಿ ದಾರದ ದಪ್ಪದಷ್ಟು ಕಡಿಮೆ. ಇಡೀ ಸುತ್ತಿನಲ್ಲಿ ಒಂದು ಬಾಣಲೆಯಷ್ಟು.

"ಎಂತ ಮಾಡುವುದೀಗ?" ಎಂದರು ಜಯಂತಿಯಕ್ಕ. ಅಷ್ಟರಲ್ಲಿ ಐರಿನ್‌ಳ ಫೋನು ರಿಂಗಾಯಿತು. ಉಳ್ಳಾಲದಿಂದ ನಫೀಸಾಳ ತಾಯಿ. ಎರಡು ವಾರ ಮೊದಲೇ ಹೆರಿಗೆಯಾಗಿದೆ, ಹೆಣ್ಣುಮಗು, ಇಬ್ಬರೂ ಕ್ಷೇಮ, ನಲವತ್ತನೆಯ ದಿನ ಎಲ್ಲರೂ ಊಟಕ್ಕೆ ಬರಲೇಬೇಕು.

ಮೂವರೂ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಮೇಜಿನ ಮೇಲಿನ ಬಾಣಲೆಯ ಪಕ್ಕದಲ್ಲಿ ನಾನೊಬ್ಬನೇ ನಿಂತಿದ್ದೆ. ನಿಜ ಹೇಳುತ್ತೇನೆ, ಆಗ ನನಗೆ ನಗು ಬರಲಿಲ್ಲ. ನಫೀಸಾಳ ಕೂಸಿಗೆಂದು ಮೂರು ಹೆಂಗಸರು ಎರಡು ತಿಂಗಳು ಕೂತು ಮಾಡಿದ್ದನ್ನು ನಾನು ಹಾಳು ಮಾಡಿದ್ದೆ. ಅದೂ ಅಳೆಯಬೇಡಿ ಎಂದು ಗದರಿಸಿ.

"ತಪ್ಪಾಯಿತು ಐರಿನ್," ಎಂದೆ.

ಐರಿನ್ ಬಾಣಲೆಯನ್ನು ಎತ್ತಿ ನನ್ನ ಕೈಗೆ ಕೊಟ್ಟಳು. ಅದರ ಮೇಲೆ ಒಂದು ಸಣ್ಣ ಕತ್ತರಿ ಇಟ್ಟಳು. "ನಾನು ಎರಡನೇ ಸಲ ಫೇಲಾದಾಗ ಸ್ಟಾಫ್ ರೂಮಿನ ಹೊರಗೆ ಅಳ್ತಾ ನಿಂತಿದ್ದೆ ಸರ್. ನೀವು ಎಂತ ಹೇಳಿದ್ದು ಗೊತ್ತುಂಟಾ? 'ಅಳುವುದೆಂತಕ್ಕೆ? ತಪ್ಪಾದ ಜಾಗದವರೆಗೆ ಅಳಿಸು, ಅಲ್ಲಿಂದ ಪುನಃ ಮಾಡು' ಅಂತ. ಹಾಗೆ ಮಾಡಿಯೇ ನಾನು ಪಾಸಾದದ್ದು. ಈಗ ಹೊರಸುತ್ತು ಪೂರ್ತಿ ಬಿಚ್ಚಿ. ನಡುವಿನದ್ದು ಮುಟ್ಟಬೇಡಿ."

ನನಗೆ ಆ ಮಾತು ಹೇಳಿದ ನೆನಪೇ ಇರಲಿಲ್ಲ. ಆದರೂ ಹೇಳಿದವನ ಗತ್ತಿನಲ್ಲಿ ತಲೆಯಾಡಿಸಿದೆ.

ಎಂಟು ದಿನ ಬಿಚ್ಚಿದೆ. ಬಟ್ಟೆಗೆ ತಾಗದಂತೆ ದಾರವನ್ನಷ್ಟೇ ಕತ್ತರಿಸುವುದು ಹೊಲಿಯುವುದಕ್ಕಿಂತ ಕಷ್ಟ. ಎರಡನೆಯ ದಿನ ಸುಮತಿ ಬಂದು, ಪಕ್ಕದಲ್ಲಿ ಕುಳಿತು, ಇನ್ನೊಂದು ತುದಿ ಹಿಡಿದಳು. "ನಿಮ್ಮ ಹೊಲಿಗೆ ಬಿಚ್ಚಲಿಕ್ಕೆ ಕತ್ತರಿ ಬೇಡ. ಊದಿದರೆ ಸಾಕು," ಎಂದಳು. ಬ್ಲೌಸ್ ಪೀಸಿನ ನಂತರ ಅವಳು ನನ್ನೊಡನೆ ಆಡಿದ ಮೊದಲ ತಮಾಷೆಯ ಮಾತು ಅದು. ನನಗೆ ಅಭಿನಂದನೆಯ ಹಾಗೆ ಕೇಳಿಸಿತು.

ಹೊರಸುತ್ತನ್ನು ಮೂವರು ಸೇರಿ ರಟ್ಟಿನ ಅಳತೆಯಲ್ಲಿ ಮತ್ತೆ ಹೊಲಿದರು. ಮೂವತ್ತೊಂಬತ್ತನೆಯ ದಿನ ಮುಗಿಯಿತು. ನಲವತ್ತನೆಯ ದಿನ ಉಳ್ಳಾಲಕ್ಕೆ ಹೋದೆವು. ನಫೀಸಾ ಕೌದಿಯನ್ನು ಚಾಪೆಯ ಮೇಲೆ ಬಿಡಿಸಿ ಹಾಕಿದಳು. ಸಮತಟ್ಟಾಗಿ, ಒಂದು ಸುಕ್ಕಿಲ್ಲದೆ ಮಲಗಿತು. ಮಗುವನ್ನು ಅದರ ಮೇಲೆ ಮಲಗಿಸಿದಳು. ಮಗು ಮುಷ್ಟಿ ಬಿಚ್ಚಿ, ಒಂದು ಹಳದಿ ಹೂವಿನ ಮೇಲೆ ಕೈಯಿಟ್ಟು ನಿದ್ದೆ ಮಾಡಿತು. ನಫೀಸಾ ಎಷ್ಟೋ ಹೊತ್ತು ಅಂಚನ್ನು ಸವರುತ್ತಾ, "ಇಷ್ಟೆಲ್ಲ ಕೈಯಲ್ಲೇ ಮಾಡಿದ್ದಾ?" ಎಂದು ಕಣ್ಣೊರೆಸಿಕೊಂಡಳು.

ಅವಳ ತಾಯಿ ತಟ್ಟೆಗೆ ಅಕ್ಕಿರೊಟ್ಟಿಯಂಥ ಪತ್ತಿರಿ ಹಾಕುತ್ತಾ ನನ್ನನ್ನು ಕೇಳಿದರು: "ಮಾಸ್ಟ್ರೇ, ಇದರಲ್ಲಿ ನೀವು ಮಾಡಿದ್ದು ಯಾವುದು?"

ಐರಿನ್ ನನ್ನ ಮಾನ ಕಾಯಲು ಬಾಯಿ ತೆರೆದಳು. ಜಯಂತಿಯಕ್ಕನೇ ಮುಂದಾದರು. "ಹೊಲಿದದ್ದು ನಾವು. ಬಿಚ್ಚಿದ್ದೆಲ್ಲ ಮಾಸ್ಟ್ರು!" ಎಂದು ಕನ್ನಡಕ ಒರೆಸಿಕೊಂಡರು. ಮಗು ಎಚ್ಚರವಾಗುವಷ್ಟು ಜೋರಾಗಿ ಎಲ್ಲರೂ ನಕ್ಕರು. ನಾನೂ ನಕ್ಕೆ. ಬೇರೆ ದಾರಿ ಇರಲಿಲ್ಲ.

ಗುಂಪಿನಿಂದ ನನ್ನನ್ನು ಹೊರಗೆ ಹಾಕುತ್ತಾರೆಂದು ಭಾವಿಸಿದ್ದೆ. ಹಾಕಲಿಲ್ಲ. ಬದಲಿಗೆ ಒಂದು ಹುದ್ದೆಯನ್ನೇ ಸೃಷ್ಟಿಸಿದರು. ಅಳೆಯುವುದು, ಬರೆಯುವುದು, ಕತ್ತರಿಸುವುದು, ಹೊಲಿಯುವುದು, ಸಲಹೆ ಕೊಡುವುದು ಇವಿಷ್ಟನ್ನು ಬಿಟ್ಟು ಉಳಿದ ಸಮಸ್ತ ಜವಾಬ್ದಾರಿ ನನ್ನದು. ಅಂದರೆ ಸೂಜಿಗೆ ದಾರ ಪೋಣಿಸಿ ಕೊಡುವುದು. ಇದರಲ್ಲಿ ತಪ್ಪಾಗುವುದಕ್ಕೆ ಅವಕಾಶವೇ ಇಲ್ಲ ಎಂದು ಐರಿನ್ ಎಲ್ಲರಿಗೂ ಭರವಸೆ ಕೊಟ್ಟಳು. ಕಳೆದ ಬುಧವಾರ ಐರಿನ್ ಹನ್ನೆರಡು ಸೂಜಿ ಎಣಿಸಿ ಕೊಟ್ಟಳು. ಹನ್ನೊಂದಕ್ಕೆ ದಾರ ಪೋಣಿಸಿ ಹಿಂದಿರುಗಿಸಿದೆ. ಹನ್ನೆರಡನೆಯದು ಅವಳ ಸೋಫಾದಲ್ಲಿ ಎಲ್ಲೋ ಉಂಟು. ಈಗ ಎಲ್ಲರೂ ನೆಲದ ಮೇಲೆಯೇ ಕುಳಿತು ಹೊಲಿಯುತ್ತಾರೆ!