ಹದಿನಾಲ್ಕು ರವಿಕೆ, ಎರಡು ಚುಕ್ಕೆ

ಅತ್ಯಂತ ಗಂಭೀರವಾದ ವಿಷಯವೊಂದನ್ನು ಇಲ್ಲಿ ದಾಖಲಿಸಬೇಕಾಗಿದೆ. ಓದುಗರು ನೆಟ್ಟಗೆ ಕೂತುಕೊಳ್ಳಬೇಕು. ವಿಷಯ ಯಾವುದೆಂದರೆ, ರವಿಕೆಯ ತೋಳಿನ ಉದ್ದ.

ದಾವಣಗೆರೆಯ ನಮ್ಮ ಬಡಾವಣೆಯ ಮಹಿಳಾ ಸಮಾಜದ ಕೋಲಾಟ ತಂಡದಲ್ಲಿ ಹದಿನಾಲ್ಕು ಮಂದಿ. ಹನ್ನೊಂದು ವರ್ಷ ಅರ್ಜಿ ಹಾಕಿದ ಮೇಲೆ ಈ ಸಲ ಜಿಲ್ಲಾ ಉತ್ಸವದ ವೇದಿಕೆ ಸಿಕ್ಕಿತ್ತು. ನಾಯಕಿ ಗಂಗಾಂಬಿಕಮ್ಮ ಆ ಪತ್ರವನ್ನು ದೇವರ ಗೂಡಿನಲ್ಲಿಟ್ಟು ಹೂ ಏರಿಸಿದ್ದರು. ಷರತ್ತು ಒಂದೇ: ಕನಿಷ್ಠ ಎಂಟು ಮಂದಿ, ಎಲ್ಲರದೂ ಒಂದೇ ಉಡುಪು. ಸೀರೆಗಳಿದ್ದವು. ರವಿಕೆಗೆಂದು ನೇಕಾರರಿಂದ ಗಿಳಿಹಸಿರಿನ ಒಂದು ಥಾನು ನೇಯಿಸಿ ತಂದಿದ್ದೆವು. ಅದು ಮುಗಿದರೆ ಆ ಬಣ್ಣ ಮತ್ತೆ ಸಿಗುವಂತಿರಲಿಲ್ಲ. ಅಷ್ಟರಲ್ಲಿ ಟೈಲರ್ ಬುಡೇನ್ ಸಾಬರಿಗೆ ಕಣ್ಣಿನ ಪೊರೆ ತೆಗೆದ ಡಾಕ್ಟರು, ಹದಿನೈದು ದಿನ ಸೂಜಿ ಮುಟ್ಟಬೇಡಿ ಎಂದರು. ಉತ್ಸವಕ್ಕೆ ಉಳಿದಿದ್ದದ್ದು ನಾಲ್ಕು ದಿನ.

ಊರಲ್ಲಿ ಬೇರೆ ಟೈಲರ್ ಇರಲಿಲ್ಲವೇ? ಇದ್ದರು. ಆದರೆ ಗಂಗಾಂಬಿಕಮ್ಮನವರಿಗೆ ಗಂಡನೂ ಇದ್ದರು.

ಪ್ರೊಫೆಸರ್ ನಿಜಗುಣಪ್ಪ ಮೂವತ್ತು ವರ್ಷ ಸಂಖ್ಯಾಶಾಸ್ತ್ರ ಪಾಠ ಹೇಳಿದವರು. ನಿವೃತ್ತರಾದ ಮೇಲೆ ಪಾಠ ಕೇಳುವವರಿಲ್ಲದೆ ಯಂತ್ರ ಕಟ್ಟುತ್ತಾರೆ. ಅವರ ಪಕ್ಕದ ಮನೆ ನಮ್ಮದು. ನಾನು ಲೈಬ್ರರಿಯಲ್ಲಿ ದುಡಿದವಳು. ಸದ್ದು ಮಾಡದೆ ಎಲ್ಲವನ್ನೂ ಕೇಳಿಸಿಕೊಳ್ಳುವುದು ಅಭ್ಯಾಸ.

ಬುಧವಾರ ಬೆಳಿಗ್ಗೆ ಸಮಾಜದ ಹಾಲಿನಲ್ಲಿ ‘ರೇಖಾದರ್ಜಿ’ಯ ಅನಾವರಣವಾಯಿತು. ಹಳೇ ಫ್ರಿಜ್ಜಿನ ಮೈ, ಟೀವಿಯ ಮುಖ, ಎರಡು ಉಕ್ಕಿನ ಕೈ. ಒಂದರಲ್ಲಿ ಕತ್ತರಿ, ಇನ್ನೊಂದರಲ್ಲಿ ಸೂಜಿ. ದನಿ ಮಾತ್ರ ಬಸ್ ಸ್ಟ್ಯಾಂಡಿನ ಮೈಕಿನದು.

"ವಯಸ್ಸು, ತೂಕ, ಎತ್ತರ ಬರೆದುಕೊಡಿ, ಸಾಕು!" ಎಂದರು ಪ್ರೊಫೆಸರು. "ಪರದೆ ಮೇಲೆ ಒಬ್ಬೊಬ್ಬರೂ ಒಂದೊಂದು ಚುಕ್ಕೆ. ಚುಕ್ಕೆಗಳ ನಡುವೆ ಯಂತ್ರ ಒಂದು ಗೆರೆ ಎಳೆಯುತ್ತೆ. ಆ ಗೆರೆ ಹೇಳಿದ ಹಾಗೆ ಬ್ಲೌಸ್ ಹೊಲಿಯುತ್ತೆ!"

"ಅಳತೆ ಬ್ಲೌಸ್ ಕೊಟ್ರೆ ಆಗಲ್ವಾ ಮೇಷ್ಟ್ರೇ?" ಎಂದೆ.

"ಅನಸೂಯಮ್ಮನೋರೇ, ಅಳತೆ ನೋಡಿ ಹೊಲಿಯೋದು ದರ್ಜಿ ಕೆಲಸ. ಅಳತೆ ನೋಡದೆ ಹೊಲಿಯೋದು ವಿಜ್ಞಾನ!"

ಯಂತ್ರಕ್ಕೆ ಅವರು ಗೆರೆ ಕಲಿಸಿದ್ದು ಬುಡೇನ್ ಸಾಬರ ಅಳತೆ ಪುಸ್ತಕದಿಂದ. ಅದರಲ್ಲಿ ನಮ್ಮ ಹದಿನಾಲ್ಕೂ ಮಂದಿಯ ಅಳತೆ ಇತ್ತು. ಹಾಗಾದರೆ ಅದನ್ನೇ ನೋಡಿ ಹೊಲಿಯಬಹುದಲ್ಲ ಎಂದು ನಾನು ಕೇಳಲಿಲ್ಲ. ಒಂದು ಬೆಳಿಗ್ಗೆಗೆ ಒಂದು ವಿಜ್ಞಾನ ಸಾಕು.

ಮೊದಲ ಪ್ರಯೋಗ ಹಳೇ ಪೇಪರಿನ ಮೇಲೆ, ಗಂಗಾಂಬಿಕಮ್ಮನವರ ಹೆಸರಿನಲ್ಲಿ.

"ಬಲ ತೋಳು: ನಾಲ್ಕೂವರೆ ಅಡಿ," ಎಂದು ಯಂತ್ರ ಘೋಷಿಸಿತು. "ಎಡ ತೋಳು: ಮೈನಸ್ ಮೂರು ಅಡಿ."

"ರೀ! ಮೈನಸ್ ತೋಳು ಎಲ್ಲಿರುತ್ತೆ ರೀ?"

ಕತ್ತರಿ ಅದನ್ನು ಹುಡುಕಿಕೊಂಡು ಹೊರಟಿತು! ಎಡ ತೋಳನ್ನು ಪೂರ್ತಿ ತೆಗೆಯಿತು, ಭುಜ ತೆಗೆಯಿತು, ಕುತ್ತಿಗೆ ತೆಗೆಯಿತು, ಸಾಲದೆ ಬಂದಾಗ ಟೇಬಲ್ಲಿಗೆ ಹಾಸಿದ್ದ ಬಟ್ಟೆಗೆ ಕೈಹಾಕಿತು.

"ಎತ್ತರಾನ ಅಡಿಯಲ್ಲೂ ಕೊಟ್ಟಿದ್ದೆ, ಸೆಂಟಿಮೀಟರಲ್ಲೂ ಕೊಟ್ಟಿದ್ದೆ," ಎಂದು ಪ್ರೊಫೆಸರು ತಲೆ ಕೆರೆದುಕೊಂಡರು. "ಮಾಹಿತಿ ಜಾಸ್ತಿ ಇದ್ದಷ್ಟೂ ಒಳ್ಳೇದು ಅಂತ..."

ಎರಡೂ ಹೇಳುವುದು ಒಂದೇ ಮಾತು. ಯಾವುದಕ್ಕೆ ಎಷ್ಟು ಬೆಲೆ ಕೊಡಬೇಕೆಂದು ತಿಳಿಯದ ಯಂತ್ರ ಒಂದನ್ನು ಅಟ್ಟಕ್ಕೇರಿಸಿ, ಇನ್ನೊಂದನ್ನು ಪಾತಾಳಕ್ಕೆ ತಳ್ಳಿತ್ತು. ನಮ್ಮ ತಂಡದಲ್ಲಿ ನೀಲಮ್ಮ, ಹಾಲಮ್ಮ ಎಂಬ ವಾರಗಿತ್ತಿಯರಿದ್ದಾರೆ. ಎಲ್ಲಿಗೂ ಜೊತೆಯಾಗಿಯೇ ಬರುತ್ತಾರೆ. ಚಕ್ಕುಲಿ ಕರಿದವರು ಯಾರೆಂದು ಕೇಳಿದರೆ ಇಬ್ಬರೂ "ನಾನೇ" ಎನ್ನುತ್ತಾರೆ. ನಿಜ ತಿಳಿಯಬೇಕಾದರೆ ಒಂದು ಸಲ ಒಬ್ಬರನ್ನೇ ಕರೆಯಬೇಕು. ಪ್ರೊಫೆಸರು ಕೊನೆಗೆ ಅದನ್ನೇ ಮಾಡಿದರು, ಅಡಿಯನ್ನು ಅಳಿಸಿದರು. ತೋಳುಗಳು ತೋಳುಗಳಂತಾದವು.

ಚಪ್ಪಾಳೆ ಮುಗಿಯುವಷ್ಟರಲ್ಲಿ ಯಂತ್ರ ಮತ್ತೆ ಅರಚಿತು. "ಹೊರಗಿನ ಚುಕ್ಕೆ! ಹೊರಗಿನ ಚುಕ್ಕೆ!"

ಪರದೆಯ ಮೇಲೆ ಹದಿಮೂರು ಚುಕ್ಕೆ ಗೆರೆಯ ಅಕ್ಕಪಕ್ಕ ಗುಂಪಾಗಿದ್ದವು. ಒಂದು ಮಾತ್ರ, ಕರೆಯದ ಮದುವೆಗೆ ಬಂದವರ ಹಾಗೆ ದೂರ ನಿಂತಿತ್ತು. ಅದು ನಾನು.

"ಏನು ಬರೆದಿದೀರಿ ಅನಸೂಯಮ್ಮನೋರೇ?"

"ವಯಸ್ಸು ಅರವತ್ತಮೂರು. ತೂಕ ಎಪ್ಪತ್ತೊಂದು."

"ನಿಜವಾಗಲೂ?"

"ನಿಜವಾಗಲೂ."

"ಅದೇ ಆಗಿರೋದು ತೊಂದರೆ! ಮಿಕ್ಕವರೆಲ್ಲ ಹತ್ತು ವರ್ಷ, ಎಂಟು ಕೇಜಿ ಇಳಿಸಿ ಬರೆದಿದ್ದಾರೆ. ಎಲ್ಲರೂ ಒಂದೇ ಸಮ ಸುಳ್ಳು ಹೇಳಿದ್ರೆ ಗೆರೆಗೆ ಏನೂ ಅಡ್ಡಿಯಿಲ್ಲ. ನಡುವೆ ಒಬ್ಬರು ನಿಜ ಹೇಳಿದ್ರೆ ಕೆಟ್ಟುಹೋಗುತ್ತೆ ನೋಡಿ!"

ಹದಿಮೂರು ಮಂದಿ ಒಟ್ಟಿಗೆ ತಲೆಯೆತ್ತಿ ಫ್ಯಾನನ್ನು ಪರೀಕ್ಷಿಸಿದರು.

"ಚುಕ್ಕೆ ಯಾಕೆ ದೂರ ಇದೆ ಅಂತ ಮೊದಲು ವಿಚಾರಿಸಬೇಕಲ್ವಾ ಮೇಷ್ಟ್ರೇ?"

"ಕ್ಲಾಸಲ್ಲಿ ಹಾಗೇ ಹೇಳ್ತಿದ್ದೆ. ಈಗ ಟೈಮಿಲ್ಲ," ಎಂದು ಕೆಂಪು ಗುಂಡಿ ಒತ್ತಿದರು. ನಾನು ಮಾಯವಾದೆ. ಪರದೆಯಲ್ಲಿ ‘ನಿಖರತೆ ಶೇಕಡಾ ೮೧’ ಇದ್ದದ್ದು ೮೮ ಆಯಿತು. ಪ್ರೊಫೆಸರ ಮುಖ ಅರಳಿತು. ಗುಂಡಿಯನ್ನು ಒತ್ತಿಯೇ ಹಿಡಿದು ಅದರ ಮೇಲೆ ಗಮ್ ಟೇಪ್ ಅಂಟಿಸಿ, ಯಂತ್ರದ ಬಾಯಿಗೆ ಹಸಿರು ಥಾನು ಕೊಟ್ಟರು.

"ಶೇಕಡಾ ನೂರು ಬರೋ ತನಕ ದೂರದವರನ್ನ ತೆಗೀತಾ ಇರು. ಆಮೇಲೆ ಹದಿನಾಲ್ಕು ಬ್ಲೌಸ್ ಹೊಲಿ," ಎಂದು ಅಪ್ಪಣೆ ಕೊಟ್ಟು ಊಟಕ್ಕೆ ಹೋದರು.

"ಹೊರಗಿನ ಚುಕ್ಕೆ: ನೀಲಮ್ಮ."

"ನಾನಾ! ಹಾಲಮ್ಮ ಇರುವಾಗ ನಾನಾ?"

"ಹೊರಗಿನ ಚುಕ್ಕೆ: ಹಾಲಮ್ಮ."

ನೀಲಮ್ಮನಿಗೆ ಸ್ವಲ್ಪ ಸಮಾಧಾನವಾಯಿತು. ಆದರೆ ಯಂತ್ರಕ್ಕೆ ಆಗಲಿಲ್ಲ. ಒಬ್ಬರನ್ನು ತೆಗೆದರೆ ಗೆರೆ ಸರಿಯುತ್ತದೆ. ಗೆರೆ ಸರಿದರೆ ನಿನ್ನೆಯ ಹತ್ತಿರದವರು ಇಂದು ದೂರದವರು. ಸಮಾಜದ ಚುನಾವಣೆಯಲ್ಲೂ ಹೀಗೇ ಆಗುವುದರಿಂದ ನಮಗೆ ಬೇಗ ಅರ್ಥವಾಯಿತು.

"ನಂದು ನಲವತ್ತೊಂದು ಅಂತ ಬರೆದಿದ್ದೆ, ಐವತ್ತು ಮಾಡು!" ಎಂದು ಬ್ಯಾಂಕಿನ ಪುಷ್ಪಲತಾ ಮೈಕಿಗೆ ಬಾಯಿಟ್ಟು ಕೂಗಿದರು. "ಐವತ್ನಾಲ್ಕು! ಹತ್ತಿರ ಬಂದ್ನಾ? ತಗೋ, ಐವತ್ತೆಂಟು!"

"ಹೊರಗಿನ ಚುಕ್ಕೆ: ಪುಷ್ಪಲತಾ. ವಯಸ್ಸು ಐವತ್ತೆಂಟು."

ದಾವಣಗೆರೆಯ ಹೆಣ್ಣುಮಕ್ಕಳು ತಾವಾಗಿ ವಯಸ್ಸು ಏರಿಸಿಕೊಂಡ ಆ ಐದು ನಿಮಿಷವನ್ನು ನಾನು ಸಾಯುವ ತನಕ ಮರೆಯಲಾರೆ.

ಗಂಗಾಂಬಿಕಮ್ಮ ಓಡಿಹೋಗಿ ಪ್ಲಗ್ ಕಿತ್ತರು. ಯಂತ್ರ ನಿಲ್ಲಲಿಲ್ಲ. ಕರೆಂಟ್ ಹೋದರೂ ವಿಜ್ಞಾನ ನಿಲ್ಲಬಾರದೆಂದು ಪ್ರೊಫೆಸರು ಒಳಗೆ ಲಾರಿ ಬ್ಯಾಟರಿ ಇಟ್ಟಿದ್ದರು! ಹತ್ತಿರ ಹೋದರೆ ಕತ್ತರಿ ಗಾಳಿಯಲ್ಲಿ ಆಡುತ್ತಿತ್ತು. ಚುಕ್ಕೆ ಆರಾಯಿತು, ನಾಲ್ಕಾಯಿತು, ಮೂರಾಯಿತು.

ಕೊನೆಗೆ ಉಳಿದದ್ದು ಎರಡು. ಒಂದು, ಕಂಬದಂಥ ಗಂಗಾಂಬಿಕಮ್ಮ. ಇನ್ನೊಂದು, ಕೋಲಾಟದ ಕೋಲಿನಂಥ ಕಾರ್ಯದರ್ಶಿ ಚಂದ್ರಮತಿ. ಮುಂದಿನ ಸಾಲಿನಲ್ಲಿ ಯಾರು ನಿಲ್ಲಬೇಕೆಂಬ ವಿಚಾರದಲ್ಲಿ ಇವರಿಬ್ಬರೂ ಮಾತು ಬಿಟ್ಟು ಎರಡು ವರ್ಷವಾಗಿತ್ತು.

"ತಪ್ಪು: ಸೊನ್ನೆ! ನಿಖರತೆ: ಶೇಕಡಾ ನೂರು!" ಯಂತ್ರ ತಾನೇ ನಾದಸ್ವರ ಊದಿಕೊಂಡು ಕೆಲಸಕ್ಕೆ ಕೂತಿತು. ಹದಿನಾಲ್ಕು ರವಿಕೆಯ ಅಪ್ಪಣೆ ಹಾಗೇ ಇತ್ತಲ್ಲ; ನ್ಯಾಯವಾಗಿ ಹಂಚಿ ಹೊಲಿಯಿತು. ಪ್ರೊಫೆಸರು ಬಾಳೆಹಣ್ಣು ಸುಲಿಯುತ್ತಾ ಬರುವ ಹೊತ್ತಿಗೆ ಥಾನಿನ ಕೊನೆಯ ಚೂರು ಗುಂಡಿಯ ಪಟ್ಟಿಯಾಗಿತ್ತು.

"ನೂರಕ್ಕೆ ನೂರು!" ಎಂದು ಅವರು ಕುಣಿದರು. "ನೋಡಿದ್ರಾ ಅನಸೂಯಮ್ಮನೋರೇ? ಎರಡೂ ಚುಕ್ಕೆ ಸರಿಯಾಗಿ ಗೆರೆ ಮೇಲಿವೆ!"

"ಎರಡು ಚುಕ್ಕೆ ಇದ್ರೆ ಗೆರೆ ಎಳೆಯೋಕೆ ಪ್ರೊಫೆಸರ್ ಯಾಕೆ ಮೇಷ್ಟ್ರೇ? ಸ್ಕೇಲ್ ಸಾಕು."

ಮಿಕ್ಕವರು ತೊಟ್ಟು ನೋಡಿದೆವು. ಗಂಗಾಂಬಿಕಮ್ಮನವರದರಲ್ಲಿ ಹಾಲಮ್ಮ, ನೀಲಮ್ಮ ಇಬ್ಬರೂ ಒಟ್ಟಿಗೆ ಹಿಡಿದರು. ಚಂದ್ರಮತಿಯದು ನನ್ನ ಮೊಣಕೈಗೇ ನಿಂತಿತು. ಗಂಗಾಂಬಿಕಮ್ಮ ತಮ್ಮದನ್ನು ತೊಟ್ಟು ಕನ್ನಡಿಯ ಮುಂದೆ ಬಹಳ ಹೊತ್ತು ನಿಂತರು. ಎಲ್ಲಿಯೂ ಒಂದು ಸುಕ್ಕಿರಲಿಲ್ಲ.

"ಇಷ್ಟು ಚೆನ್ನಾಗಿ ನಂಗೆ ಯಾವತ್ತೂ ಕೂತಿರಲಿಲ್ಲ ಕಣ್ರೀ," ಎಂದು ಗಂಡನಿಗೆ ಮೆಲ್ಲಗೆ ಹೇಳಿದರು. "ಆ ಪತ್ರ ದೇವರ ಗೂಡಲ್ಲಿದೆ. ನೀವೇ ತಗೊಂಡು ಹೋಗಿ ವಾಪಸ್ ಕೊಟ್ಟು ಬನ್ನಿ."

ಕೊಟ್ಟು ಬಂದರು. ಭಾನುವಾರ ಉತ್ಸವ ನಡೆಯಿತು, ನಮ್ಮ ಕೋಲಾಟ ನಡೆಯಲಿಲ್ಲ. ಗಂಗಾಂಬಿಕಮ್ಮನವರ ಹತ್ತಿರ ಈಗ ಗಿಳಿಹಸಿರಿನ ಏಳು ರವಿಕೆಗಳಿವೆ. ಚಂದ್ರಮತಿಯವರ ಹತ್ತಿರ ಏಳು.